ಕುಂಚದ ಜೊತೆಗೆ ಕ್ಯಾಮೆರಾ: ಬಂಗಾರಪೇಟೆಯಿಂದ ಬೇತಮಂಗಲಕ್ಕೆ

ಬಂಗಾರಪೇಟೆ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ, ಹೇಳಿ? ಈಗ ಎಲ್ಲರೂ ಹೇಳುವುದು ಪಾನಿಪೂರಿ! ಬಾವಿ ನೀರಿನ ಹಾಗೆ ತಿಳಿಯಾಗಿ, ಬಣ್ಣವೇ ಇಲ್ಲದೆ, ಬಾಯಿಗಿಟ್ಟರೆ ಮಾತ್ರ ಕಣ್ಣಲ್ಲಿ ನೀರು ತರಿಸುವ ಆ ಪಾನಿಯನ್ನು ತಿನ್ನದೆ ಊರು ಬಿಟ್ಟವರುಂಟೇ? ಆದರೆ ನನಗೆ ಬಂಗಾರಪೇಟೆ ಅಂದರೆ ಅತ್ತೆಯ ಮನೆ, ರಾತ್ರಿಯೆಲ್ಲ ರೈಲಿನ ಸದ್ದು. ಎರಡು ವರ್ಷದಿಂದೀಚೆಗೆ ಅದರ ಜೊತೆಗೆ ಹಕ್ಕಿಗಳೂ ಸೇರಿಕೊಂಡಿವೆ.

ನಾನು ಪ್ರಾಣಿ ಪಕ್ಷಿಗಳ ಚಿತ್ರ ಬರೆಯುವವಳು. ಮಧ್ಯಾಹ್ನ ಎಲ್ಲರ ಊಟವಾಗಿ, ಪಾತ್ರೆ ತೊಳೆದಿಟ್ಟ ಮೇಲೆ, ಅದೇ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಮೂವತ್ತು ವರ್ಷ ಬರೆದಿದ್ದೇನೆ. ಕ್ಯಾಲೆಂಡರಿಗೆ, ಮಕ್ಕಳ ಪುಸ್ತಕಕ್ಕೆ, ಶುಭಾಶಯ ಪತ್ರಕ್ಕೆ. ಹಕ್ಕಿಗಳನ್ನು ಎಲ್ಲಿ ನೋಡಿ ಬರೆದಿರಿ ಅಂತ ಕೇಳಬೇಡಿ! ಸಲೀಂ ಅಲಿಯವರ ಪುಸ್ತಕ, ಹಳೆಯ ಕ್ಯಾಲೆಂಡರುಗಳು, ಪತ್ರಿಕೆಗಳಿಂದ ಕತ್ತರಿಸಿ ಡಬ್ಬಿಯಲ್ಲಿಟ್ಟ ಪಟಗಳು. ಹಕ್ಕಿಯ ಹತ್ತಿರ ಹೋಗಿ ಕೂತು ನೋಡಿದ್ದು ಕಡಿಮೆ. ಮಗ ಹೊಸ ಕ್ಯಾಮೆರಾ ಕೊಂಡು, ಹಳೆಯದನ್ನೂ ಒಂದು ಉದ್ದನೆಯ ಲೆನ್ಸನ್ನೂ ನನ್ನ ಕೈಗಿಟ್ಟು, "ಅಮ್ಮ, ಇನ್ನಾದರೂ ಮನೆಯಿಂದ ಆಚೆ ಹೋಗು" ಅಂದ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಅಂತ ನಮ್ಮ ಯಜಮಾನರು ನಕ್ಕರು. ನಗಲಿ ಬಿಡಿ.

ಹಾಗೆ ನೋಡಿದರೆ ಕುಂಚ, ಕ್ಯಾಮೆರಾ ಎರಡನ್ನೂ ಹಿಡಿದವರು ನಮ್ಮಲ್ಲಿ ಹೊಸಬರಲ್ಲ. ಮದ್ರಾಸಿನ ಎಂ. ಕೃಷ್ಣನ್ ಅವರು 1940ರ ದಶಕದಲ್ಲಿ ನಮ್ಮ ಸಂಡೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದವರು. ತಮ್ಮ ಲೇಖನಗಳಿಗೆ ತಾವೇ ರೇಖಾಚಿತ್ರ ಬರೆಯುತ್ತಿದ್ದರು. ಕಾಡಿನ ಫೋಟೋ ತೆಗೆಯುವುದರಲ್ಲೂ ದೊಡ್ಡ ಹೆಸರು ಮಾಡಿದರು. ಅವರ ಫೋಟೋಗಳೆಲ್ಲ ಕಪ್ಪು ಬಿಳುಪು. 1996ರಲ್ಲಿ ತೀರಿಕೊಳ್ಳುವವರೆಗೂ ಪತ್ರಿಕೆಗೆ ಬರೆಯುವುದನ್ನು ಬಿಡಲಿಲ್ಲ. ಅದೇ ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಅವರೂ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರು. ಮೂಡಿಗೆರೆಯ ತೇಜಸ್ವಿಯವರ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಕಾದಂಬರಿ, ಚಿತ್ರಕಲೆ, ಹಕ್ಕಿಗಳ ಫೋಟೋ, ಯಾವುದನ್ನೂ ಬಿಟ್ಟವರಲ್ಲ. ಇಷ್ಟು ಧೈರ್ಯ ತಂದುಕೊಂಡು ನಾನೂ ಹೊರಟೆ.

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ. ಚಿನ್ನದ ಗಣಿಗಾಗಿಯೇ 1894ರಲ್ಲಿ ಹಾಕಿದ ಕವಲು ದಾರಿ ಇದು. ಆಗ ಬಂಗಾರಪೇಟೆಗೆ ಬೌರಿಂಗ್‌ಪೇಟೆ ಅಂತ ಹೆಸರು, ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ನೆನಪಿಗೆ. ಕೋರಮಂಡಲ, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಕಿಟಕಿ ಪಕ್ಕ ಜಾಗ ಸಿಕ್ಕರೆ ಮಾತ್ರ ನಿದ್ದೆ ಮಾಡಬೇಡಿ. ಹಳಿಯ ಪಕ್ಕದ ತಂತಿಯ ಮೇಲೆ ಒಂದಾದರೂ ನೀಲಕಂಠ ಕೂತಿರುತ್ತದೆ.

ನೀಲಕಂಠ ನಮ್ಮ ರಾಜ್ಯಪಕ್ಷಿ. ವಿಜಯದಶಮಿಯ ದಿನ ಅದನ್ನು ನೋಡಿದರೆ ಶುಭ ಅನ್ನುವವರೂ ಇದ್ದಾರೆ. ನಾನು ಬರೆದ ನೀಲಕಂಠಗಳೆಲ್ಲ ಕೂತಿದ್ದರೂ ಮೈತುಂಬ ನೀಲಿ, ಬಣ್ಣದ ಟ್ಯೂಬು ಖಾಲಿಯಾಗುವಷ್ಟು! ಅವತ್ತು ಕ್ಯಾಮೆರಾದಲ್ಲಿ ಬಂದದ್ದು ಒಂದು ಕಂದು ಎದೆಯ, ದೊಡ್ಡ ತಲೆಯ, ಮಂಕಾದ ಹಕ್ಕಿ. ಬೇರೆ ಯಾವುದೋ ಇರಬೇಕು ಅಂದುಕೊಂಡೆ. ರೈಲು ಹೊರಟಾಗ ಅದು ಹಾರಿತು ನೋಡಿ, ರೆಕ್ಕೆ ಬಿಚ್ಚಿದ ಕೂಡಲೇ ಎರಡು ಬಗೆಯ ನೀಲಿ ಝಗ್ಗೆಂದಿತು. ಅಷ್ಟೂ ಬಣ್ಣವನ್ನು ಅದು ಮಡಿಸಿಟ್ಟುಕೊಂಡಿತ್ತು, ನಾವು ರೇಷ್ಮೆ ಸೀರೆ ಮಡಿಸಿ ಬೀರುವಿನಲ್ಲಿ ಇಡುವ ಹಾಗೆ. ಆ ಫೋಟೋ ನನಗೆ ಸಿಗಲಿಲ್ಲ. ನಾನು ಗುಂಡಿ ಒತ್ತುವಷ್ಟರಲ್ಲಿ ಬರೀ ತಂತಿ ಉಳಿದಿತ್ತು.

ತಂತಿ ಅಂದಾಗ ನೆನಪಾಯಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಬಂದದ್ದು ಈ ಗಣಿಗಳಿಗೆ, ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೇಲೆ! ಭೂಮಿಯ ಕೆಳಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಬಂಡೆ ಒಡೆದು ತಂದ ಗಣಿಗಳು ಇವು. 2001ರ ಫೆಬ್ರವರಿ 28ಕ್ಕೆ ಮುಚ್ಚಿದವು. ಬಂಡೆಯನ್ನು ಹಿಟ್ಟು ಮಾಡಿ, ಸೈನೈಡಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡಗಳು ಮಾತ್ರ ಇನ್ನೂ ಇವೆ. ಗಾಳಿ ಎದ್ದರೆ ಆ ಧೂಳು ಒಣಹಾಕಿದ ಬಟ್ಟೆಯ ಮೇಲೆ, ಹಪ್ಪಳದ ಮೇಲೆ ಬಂದು ಕೂರುತ್ತದೆ. ರಾಬರ್ಟ್‌ಸನ್‌ಪೇಟೆಯ ನಮ್ಮ ನಾದಿನಿ ಇದನ್ನು ಹೇಳದೆ ಕಾಫಿ ಕೊಟ್ಟದ್ದೇ ಇಲ್ಲ.

ಅವಳೇ ಹೇಳಿದ್ದು: "ಇಲ್ಲೇನಿದೆ ಅತ್ತಿಗೆ, ಬರೀ ಧೂಳು. ಹಕ್ಕಿ ಬೇಕಾದ್ರೆ ಬೇತಮಂಗಲದ ಕೆರೆಗೆ ಹೋಗಿ." ಚಿತ್ರಾನ್ನ, ಮಜ್ಜಿಗೆ ಕಟ್ಟಿಕೊಂಡು, ಇಬ್ಬರೂ ಬೆಳಿಗ್ಗೆ ಬಸ್ಸು ಹತ್ತಿದೆವು. ಪಾಲಾರ್ ನದಿಗೆ ಕಟ್ಟಿದ ದೊಡ್ಡ ಕೆರೆ ಅದು. ಗಣಿಯ ಊರಿಗೆಲ್ಲ ಕುಡಿಯುವ ನೀರು ಕೊಟ್ಟ ಕೆರೆ. ಏಪ್ರಿಲ್ ತಿಂಗಳಾದ್ದರಿಂದ ನೀರು ಹಿಂದೆ ಸರಿದು, ಅಂಚಿನಲ್ಲಿ ಗರಸು, ಬಿರುಕು ಬಿಟ್ಟ ಮಣ್ಣು. ನೀರುಕಾಗೆ, ಬೆಳ್ಳಕ್ಕಿ, ಮುಳುಗಿ ಇನ್ನೆಲ್ಲೋ ಏಳುವ ಗುಳುಮುಳುಕ, ಎಲ್ಲಾ ಇದ್ದವು. ನನ್ನ ಕಣ್ಣು ಮಾತ್ರ ಟಿಟ್ಟಿಭದ ಮೇಲೆ.

ಯಾಕೆಂದರೆ ಹಿಂದೊಂದು ವರ್ಷದ ಕ್ಯಾಲೆಂಡರಿಗೆ ನಾನು ಟಿಟ್ಟಿಭದ ಗೂಡಿನ ಚಿತ್ರ ಬರೆದಿದ್ದೆ. ಸುತ್ತ ಹುಲ್ಲು ಹೆಣೆದು, ನಡುವೆ ಹಕ್ಕಿಯನ್ನು ಕಾವಿಗೆ ಕೂರಿಸಿದ್ದೆ, ಥೇಟ್ ಕೋಳಿಯ ಹಾಗೆ. ಅದರ ನಿಜವಾದ ಗೂಡಿನ ಫೋಟೋ ನನಗೆ ಬೇಕಿತ್ತು. ಗರಸಿನಲ್ಲಿ ನಡೆಯುತ್ತಿದ್ದಾಗ ತಲೆಯ ಮೇಲೆ ಹಕ್ಕಿ ಕಿರುಚಿಕೊಂಡು ಸುತ್ತತೊಡಗಿತು. ಕಾಲ ಹತ್ತಿರ ನೋಡುತ್ತೇನೆ, ನಾಲ್ಕು ಮೊಟ್ಟೆ! ಹುಲ್ಲಿಲ್ಲ, ಕಡ್ಡಿಯಿಲ್ಲ, ನೆಲದಲ್ಲೊಂದು ಸಣ್ಣ ತಗ್ಗು, ಸುತ್ತ ಬೆಣಚು ಕಲ್ಲು. ಕಲ್ಲಿನ ಬಣ್ಣವೇ ಮೊಟ್ಟೆಗೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮೆಟ್ಟಿಬಿಡುತ್ತಿದ್ದೆ.

ಹದಿನೈದು ಹೆಜ್ಜೆ ಹಿಂದೆ ಬಂದು, ಸೆರಗು ತಲೆಗೆ ಹೊದ್ದು ಕೂತೆ. ಹಕ್ಕಿ ಬಂದು ಕೂರಲಿ, ತೆಗೆದೇ ಹೋಗೋಣ ಅಂತ. ಅದು ಇಳಿಯುತ್ತದೆ, ನಾಲ್ಕು ಹೆಜ್ಜೆ ಓಡಿ ಬರುತ್ತದೆ, ನಿಲ್ಲುತ್ತದೆ, ಮತ್ತೆ ಕಿರುಚಿಕೊಂಡು ಹಾರುತ್ತದೆ. ಹೀಗೇ ಮುಕ್ಕಾಲು ಗಂಟೆ. ಬಿಸಿಲು ಏರುತ್ತಾ ಹೋಯಿತು. ನನ್ನ ಬೆವರು ನನಗೆ ಗೊತ್ತಾಗುತ್ತಿತ್ತು, ಆದರೆ ಬರೀ ನೆಲದ ಮೇಲಿನ ಆ ಮೊಟ್ಟೆಗಳ ಯೋಚನೆ ಬರಲಿಲ್ಲ. ನಾಲ್ಕು ಮಕ್ಕಳ ಪೈಕಿ ಯಾರಿಗೆ ಜ್ವರ ಬಂದರೂ ರಾತ್ರಿಯೆಲ್ಲ ಎದ್ದಿದ್ದವಳು ನಾನು!

ಮೇಕೆ ಅಟ್ಟಿಕೊಂಡು ಬಂದ ಒಬ್ಬ ಅಜ್ಜಿ ದೂರದಿಂದಲೇ ಕೂಗಿದರು. "ಏನ್ ತಾಯಿ, ಅಲ್ಲೇನ್ ಮಾಡ್ತಾ ಇದ್ದೀಯ?"

"ಹಕ್ಕಿ ಫೋಟೋ ಅಜ್ಜಿ. ಮೊಟ್ಟೆ ಮೇಲೆ ಕೂರ್ತಾನೇ ಇಲ್ಲ."

"ಹೆಂಗ್ ಕೂರ್ತದೆ? ನೀನ್ ಕೂತಿದ್ದೀಯಲ್ಲ. ಈ ಬಿಸಿಲ್ಗೆ ಮೊಟ್ಟೆ ಬೆಂದೋಗ್ತವೆ, ಎದ್ ಬಾ ಈ ಕಡೆ."

ಬೈದದ್ದಲ್ಲ, ಸುಮ್ಮನೆ ಹೇಳಿದ್ದು. ಆದರೂ ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಎದ್ದು, ನಾದಿನಿ ಕೂತಿದ್ದ ಏರಿಯ ಮೇಲಿನ ಮರದ ನೆರಳಿಗೆ ಬಂದೆ. ಅಲ್ಲಿಂದ ಲೆನ್ಸಿನಲ್ಲಿ ನೋಡಿದರೆ ಹಕ್ಕಿ ಮೊದಲು ಗೂಡಿಗೆ ಬರಲಿಲ್ಲ, ನೀರಿಗೆ ಹೋಯಿತು! ಹೊಟ್ಟೆಯನ್ನು ನೀರಿಗೆ ಅದ್ದಿ ಅದ್ದಿ ನೆನೆಸಿಕೊಂಡು, ಓಡುತ್ತಾ ಬಂದು ಮೊಟ್ಟೆಗಳ ಮೇಲೆ ಕೂತಿತು. ನಾವು ಮಕ್ಕಳ ಹಣೆಗೆ ಒದ್ದೆ ಬಟ್ಟೆ ಹಾಕುವುದಿಲ್ಲವೇ, ಹಾಗೆ. ಬೇಸಿಗೆಯಲ್ಲಿ ಟಿಟ್ಟಿಭಗಳು ಹೀಗೆ ಮಾಡುತ್ತವೆಂದು ಮನೆಗೆ ಬಂದು ಓದಿ ತಿಳಿದೆ. ಗಂಡು ಹೆಣ್ಣು ಸರದಿಯಲ್ಲಿ ಸುಮಾರು ನಾಲ್ಕು ವಾರ ಕಾವು ಕೊಡುತ್ತವಂತೆ. ಹಕ್ಕಿಯ ಗೂಡನ್ನೂ ಮೊಟ್ಟೆಯನ್ನೂ ಕೆಣಕುವುದನ್ನು ನಮ್ಮ 1972ರ ವನ್ಯಜೀವಿ ಕಾಯಿದೆ ಬೇಟೆಯ ಲೆಕ್ಕಕ್ಕೇ ಸೇರಿಸಿದೆ ಅನ್ನುವುದನ್ನೂ ಅವತ್ತೇ ಓದಿದೆ. ಅಮೆರಿಕದ ದೊಡ್ಡ ಪಕ್ಷಿಚಿತ್ರಕಾರ ಆಡುಬಾನ್ ಹಕ್ಕಿಗಳನ್ನು ಗುಂಡಿಟ್ಟು ಕೊಂದು, ತಂತಿಯಿಂದ ನಿಲ್ಲಿಸಿ ಬರೆಯುತ್ತಿದ್ದನೆಂದು ಓದಿ ಹಿಂದೆ ಬೈದುಕೊಂಡಿದ್ದೆ. ಕೈಯಲ್ಲಿ ಬಂದೂಕಿಲ್ಲದಿದ್ದರೆ ಏನೂ ತೊಂದರೆಯಿಲ್ಲ ಅಂತ ಯಾರು ಹೇಳಿದರು?

ಮೂರು ವಾರ ಬಿಟ್ಟು ಒಬ್ಬಳೇ ಮತ್ತೆ ಹೋದೆ. ತಗ್ಗು ಖಾಲಿ. ಮೇಕೆಗಳ ಗೊರಸಿನ ಗುರುತು ಎಲ್ಲೆಲ್ಲೂ. ಮರಿಯಾದವೋ, ನಾಯಿ ತಿಂದಿತೋ, ಬಿಸಿಲಿಗೇ ಹೋದವೋ. ಎರಡು ಟಿಟ್ಟಿಭಗಳು ದೂರದಲ್ಲಿ ಕೂಗಿಕೊಂಡವು. ಮರಿಗಳಿದ್ದರೆ ಅವು ಆ ಕೂಗಿಗೆ ನೆಲಕ್ಕೆ ಒತ್ತಿಕೊಂಡು ಕಲ್ಲಾಗಿಬಿಡುತ್ತವೆ. ಹುಡುಕಲು ಹೋಗಲಿಲ್ಲ, ಏರಿಯಿಂದಲೇ ವಾಪಸ್ಸು ಬಂದೆ.

ನೀವೂ ಹೋಗುವುದಾದರೆ ಬೆಳಿಗ್ಗೆ ಒಂಬತ್ತರೊಳಗೆ ಹೋಗಿ, ಬೇಸಿಗೆಯಲ್ಲಿ ಒಣಗಿದ ಅಂಚಿನಲ್ಲಿ ನಡೆಯದೆ ಏರಿಯ ಮೇಲೇ ಇರಿ. ಹಕ್ಕಿ ತಲೆಯ ಮೇಲೆ ಸುತ್ತಿ ಕಿರುಚಿದರೆ, ಬಂದ ಹೆಜ್ಜೆಯಲ್ಲೇ ಹಿಂದೆ ಹೋಗಿ. ಮಜ್ಜಿಗೆ ಮರೆಯಬೇಡಿ.

ನನ್ನ ಆ ದಿನದ ಫೋಟೋದಲ್ಲಿ ಹಕ್ಕಿ ಎಳ್ಳುಕಾಳಿನಷ್ಟಿದೆ. ಅದನ್ನು ಮೇಜಿನ ಮೇಲಿಟ್ಟುಕೊಂಡು ಹಳೆಯ ಕ್ಯಾಲೆಂಡರಿನ ಚಿತ್ರವನ್ನು ಹೊಸದಾಗಿ ಬರೆಯುತ್ತಿದ್ದೇನೆ, ಹುಲ್ಲಿಲ್ಲದೆ. ಹಕ್ಕಿ ಬಂತು, ಒದ್ದೆ ಹೊಟ್ಟೆಯೂ ಬಂತು. ಕಲ್ಲುಗಳೇ ಬರುತ್ತಿಲ್ಲ. ಮೂರು ಹಾಳೆ ಹರಿದು ಹಾಕಿದೆ.