ಕೌಂಟರಿನ ಆಚೆ ನಿಂತವರು

ಶ್ರಾವಣ ಹತ್ತಿರವಾದಂತೆ ಬಟ್ಟೆ ಅಂಗಡಿಗಳು ತುಂಬತೊಡಗುತ್ತವೆ. ವರಮಹಾಲಕ್ಷ್ಮಿಗೆ, ಗೌರಿಗೆ, ಮುಂದೆ ಬರುವ ಮದುವೆಗೆ ಎಂದು ಸೀರೆ ಆರಿಸಲು ಬಂದವರಿಗೆ ಕುರ್ಚಿ ಬರುತ್ತದೆ, ಕುಡಿಯಲು ನೀರು ಬರುತ್ತದೆ, ದೊಡ್ಡ ಅಂಗಡಿಯಾದರೆ ಕಾಫಿಯೂ ಬರುತ್ತದೆ. ಕೌಂಟರಿನ ಆಚೆಗಿರುವ ಹೆಣ್ಣುಮಗಳಿಗೆ ಮಾತ್ರ ಕುರ್ಚಿ ಇಲ್ಲ. ಸೀರೆ ಬಿಚ್ಚಿ ಸೆರಗು ತೋರಿಸುವುದು, ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುವುದು, ಬೇಡವೆಂದದ್ದನ್ನು ಮತ್ತೆ ಅದೇ ಮಡಿಕೆಗೆ ತರುವುದು ಎಲ್ಲವೂ ನಿಂತೇ ಆಗುವ ಕೆಲಸ. ಗಿರಾಕಿ ಇಲ್ಲದ ಹೊತ್ತಿನಲ್ಲೂ ಎಷ್ಟೋ ಅಂಗಡಿಗಳಲ್ಲಿ ಅವರು ಕೂರುವಂತಿಲ್ಲ. ಒಳಗೆ ಕಾಲಿಟ್ಟ ಗಿರಾಕಿಗೆ ಕೂತ ಕೆಲಸಗಾರರು ಕಂಡರೆ ಅಗೌರವ ಅನ್ನಿಸೀತು ಎಂಬ ನಂಬಿಕೆ ಈ ಕಟ್ಟಳೆಯ ಹಿಂದಿದೆ. ಅಂದರೆ ಅವರನ್ನು ನಿಲ್ಲಿಸಿರುವುದು ನಮ್ಮ ಹೆಸರಿನಲ್ಲಿ. ಹಾಗಾಗಿ ಅಂಗಡಿಯವರೊಡನೆ ಮೃದುವಾಗಿ ನಡೆದುಕೊಳ್ಳುವುದು ಮನಸ್ಸಿದ್ದರೆ ತೋರುವ ದೊಡ್ಡತನವಾಗಲಾರದು. ಅದು ಗಿರಾಕಿಯ ಹೊಣೆ.

ಹೊತ್ತುಗಟ್ಟಲೆ ನಿಂತವರ ಕಾಲು ಬಾತುಕೊಳ್ಳುತ್ತದೆ, ಸೊಂಟ ಹಿಡಿಯುತ್ತದೆ, ಮೀನಖಂಡದಲ್ಲಿ ನರ ಉಬ್ಬುತ್ತದೆ. ಇದು ಹೊಸದಾಗಿ ತಿಳಿದ ಸಂಗತಿಯೇನಲ್ಲ. ಅಂಗಡಿಗಳಲ್ಲಿ ದುಡಿಯುವ ಮೂವರು ಹೆಂಗಸರಿಗೆ ಒಂದು ಆಸನವಾದರೂ ಇರಬೇಕೆಂದು ಬ್ರಿಟನ್ 1899ರಲ್ಲೇ ಕಾಯ್ದೆ ಮಾಡಿತ್ತು. ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ನಿಂತು ಕೆಲಸ ಮಾಡುವವರಿಗೆ ಬಿಡುವಿನಲ್ಲಿ ಕೂರಲು ವ್ಯವಸ್ಥೆ ಇರಬೇಕೆಂದಿತು. ಆದರೆ ಬಟ್ಟೆ ಅಂಗಡಿ ಕಾರ್ಖಾನೆಯಲ್ಲ. 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ದುಡಿಮೆಗೆ ಮಿತಿ ಹಾಕಿತು. ಆದರೆ ದುಡಿಮೆಯ ಅಷ್ಟೂ ಹೊತ್ತನ್ನು ನಿಂತೇ ಕಳೆಯಬೇಕೇ ಎಂಬ ಪ್ರಶ್ನೆಯನ್ನು ಎತ್ತಿದವರು ಕೇರಳದ ಕೋಳಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳಲ್ಲಿ ದುಡಿಯುವ ಹೆಂಗಸರು. ಹೊಲಿಗೆ ಕೆಲಸದ ವಿಜಿ ಮುಂದಾಳಾಗಿದ್ದ ‘ಪೆಣ್‌ಕೂಟ್ಟು’ ಸಂಘಟನೆ ಮೊದಲು ಶೌಚಾಲಯಕ್ಕಾಗಿ ದನಿ ಎತ್ತಿತು, ಆಮೇಲೆ ಕೂರುವ ಹಕ್ಕಿಗಾಗಿ. 2018ರಲ್ಲಿ ಕೇರಳ ತನ್ನ ಕಾನೂನನ್ನು ತಿದ್ದಿತು, 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಕೂರುವುದಕ್ಕೂ ಇಷ್ಟು ವರ್ಷ ಹೋರಾಡಬೇಕಾಯಿತು ಎಂಬುದನ್ನು ಪ್ರತಿಯೊಬ್ಬ ಗಿರಾಕಿಯೂ ತಿಳಿದಿರಬೇಕು.

ಕಾನೂನು ಸ್ಟೂಲನ್ನು ತರಿಸಬಲ್ಲದು. ಅದರ ಮೇಲೆ ಕೂತವರನ್ನು ಸೋಮಾರಿ ಎಂದು ನೋಡುವ ಕಣ್ಣನ್ನು ಬದಲಿಸುವುದು ಅದರ ಕೈಲಿಲ್ಲ. ನಿಂತರೇ ಗೌರವ ಎಂಬುದು ನಮ್ಮ ವ್ಯಾಪಾರದ ಹಳೆಯ ಪದ್ಧತಿಯೂ ಅಲ್ಲ. ಬೆಂಗಳೂರಿನ ಚಿಕ್ಕಪೇಟೆಯ ಹಳೆಯ ಸೀರೆ ಅಂಗಡಿಗಳಲ್ಲಿ ಬಿಳಿ ಹಾಸಿನ ಗಾದಿಯ ಮೇಲೆ ತೋರಿಸುವವರೂ ಕೂರುತ್ತಾರೆ, ಕೊಳ್ಳುವವರೂ ಕೂರುತ್ತಾರೆ. ಅಲ್ಲಿ ರೇಷ್ಮೆ ಸೀರೆಯ ವ್ಯಾಪಾರ ಸೊರಗಿಲ್ಲ, ಗಿರಾಕಿಯ ಮಾನವೂ ಹೋಗಿಲ್ಲ. ನಿಲ್ಲಿಸುವ ಶಿಸ್ತು ಗಾಜಿನ ಕೌಂಟರಿನ ಶೋರೂಮುಗಳ ಜೊತೆ ಬಂದದ್ದು; ಬಂದದ್ದು ಹೋಗಲೂಬಹುದು.

ದುಡ್ಡು ಕೊಡುವವರು ನಾವು, ಸಂಬಳ ಪಡೆಯುವವರು ಅವರು, ಇದರಲ್ಲಿ ದಯೆಯ ಮಾತೇಕೆ ಎಂದು ಕೇಳುವವರಿದ್ದಾರೆ. ನಾವು ಕೊಡುವ ದುಡ್ಡು ಸೀರೆಗೆ ಸಲ್ಲುತ್ತದೆ. ಗದರುವ ಹಕ್ಕು ಆ ಬಿಲ್ಲಿನಲ್ಲಿ ಸೇರಿರುವುದಿಲ್ಲ. ನೂರು ಸೀರೆ ನೋಡಿ ಒಂದನ್ನೂ ಕೊಳ್ಳದೆ ಹೊರಡುವುದು ನಮ್ಮ ಸ್ವಾತಂತ್ರ್ಯವೇ ಸರಿ. ಆದರೆ ಆ ನೂರನ್ನೂ ಮಡಿಸುವವರು ಒಬ್ಬರಿದ್ದಾರೆ ಎಂಬ ನೆನಪು ಆ ಸ್ವಾತಂತ್ರ್ಯಕ್ಕೆ ಅಡ್ಡಿಯಾಗುವುದಿಲ್ಲ. ಹಾಗಾದರೆ ಬಣ್ಣ ಬಿಟ್ಟ ಸೀರೆಯನ್ನೂ ಸುಮ್ಮನೆ ಒಪ್ಪಿಕೊಳ್ಳಬೇಕೇ? ಖಂಡಿತ ಬೇಡ. ದೋಷವಿರುವ ಮಾಲನ್ನು ವಾಪಸ್ ತೆಗೆದುಕೊಳ್ಳದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರವೆಂದೇ ಕರೆದಿದೆ. ದೂರು ಕೊಡಲು ಜಿಲ್ಲಾ ಆಯೋಗವಿದೆ. ಆ ದೂರಿಗೆ ಉತ್ತರ ಕೊಡಬೇಕಾದದ್ದು ಮಾರಿದ ಅಂಗಡಿ. ಬೆಲೆ ಕಟ್ಟಿದವರು, ವಾಪಸಾತಿಯ ನಿಯಮ ಬರೆದವರು, ಬಿಲ್ಲಿಂಗಿಗೆ ಆಳು ಕಡಿಮೆ ಮಾಡಿದವರು ಯಾರೂ ಕೌಂಟರಿನಲ್ಲಿ ಸಿಗುವುದಿಲ್ಲ. ಕೈಗೆ ಸಿಕ್ಕವರು ಎದುರಾಡಿದರೆ ಕೆಲಸವೇ ಹೋದೀತು. ತಿರುಗಿ ಮಾತಾಡಲಾಗದವರ ಮೇಲೆ ದನಿ ಏರಿಸುವುದರಿಂದ ಯಾವ ಹಕ್ಕೂ ಗಟ್ಟಿಯಾಗುವುದಿಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಸಂಬಳ, ಪಿಎಫ್, ವಾರದ ರಜೆ ಸರಿಯಿಲ್ಲದ ಕಡೆ ಗಿರಾಕಿಯ ಒಳ್ಳೆಯ ಮಾತಿನಿಂದ ಏನಾದೀತು, ಅದು ಮಾಲೀಕರನ್ನೂ ಸರ್ಕಾರವನ್ನೂ ಪಾರುಮಾಡುವ ದಾರಿಯಲ್ಲವೇ ಎಂಬುದು. ಒಳ್ಳೆಯ ಮಾತು ಸಂಬಳಕ್ಕೆ ಬದಲಿಯಲ್ಲ, ನಿಜ. ಆದರೆ ಗಿರಾಕಿಯ ಮರ್ಜಿಯನ್ನು ಮುಂದಿಟ್ಟುಕೊಂಡೇ ಮಾಲೀಕರು ಕುರ್ಚಿ ಬೇಡವೆನ್ನುತ್ತಾರೆ, ರಾತ್ರಿ ಬಾಗಿಲು ಹಾಕುವ ಹೊತ್ತನ್ನು ಮುಂದೂಡುತ್ತಾರೆ. ಆ ಮರ್ಜಿ ನಮ್ಮದಲ್ಲವೆಂದು ನಾವೇ ಹೇಳಿದರೆ ಅವರ ನೆಪ ಉಳಿಯುವುದಿಲ್ಲ. ಹೇಳುವುದಕ್ಕೆ ದಾರಿಗಳು ಬೇಕಾದಷ್ಟಿವೆ. ವಯಸ್ಸು ಎಷ್ಟೇ ಇರಲಿ, ಏಕವಚನ ಬಿಟ್ಟು ‘ನೀವು’ ಎನ್ನಬಹುದು. ಬಾಗಿಲು ಹಾಕುವ ಹೊತ್ತಿಗೆ ಒಳಹೋಗಿ ಹೊಸ ಕಟ್ಟು ಬಿಚ್ಚಿಸದೆ ಇರಬಹುದು. ಏನು ಬೇಕು, ಎಷ್ಟರೊಳಗೆ ಬೇಕು ಎಂದು ಮೊದಲೇ ತಿಳಿಸಬಹುದು. ಕೆಲಸ ಚೆನ್ನಾಗಿ ಮಾಡಿದವರ ಬಗ್ಗೆ ಮಾಲೀಕರ ಕಿವಿಗೆ ಬೀಳುವಂತೆ ಒಂದು ಮಾತು ಆಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಅಂಗಡಿಯಲ್ಲಿ ಕುರ್ಚಿ ಕಾಣದಿದ್ದರೆ ‘ಇವರಿಗೆ ಕೂರಲು ಏನಾದರೂ ಹಾಕಿಸಿ’ ಎಂದು ಕ್ಯಾಷ್ ಕೌಂಟರಿನಲ್ಲಿ ಕೇಳಬಹುದು. ಕೆಲಸಗಾರರು ಕೇಳಿದರೆ ಬೇಡಿಕೆ ಎನ್ನಿಸಿಕೊಳ್ಳುವ ಮಾತು ಕೊಳ್ಳುವವರ ಬಾಯಲ್ಲಿ ಸಲಹೆಯಾಗುತ್ತದೆ, ಮಾಲೀಕರು ಅದಕ್ಕೆ ಕಿವಿಗೊಡುತ್ತಾರೆ. ಆ ಬಲ ನಮ್ಮಲ್ಲಿರುವಾಗ ಅದನ್ನು ಅವರಿಗಾಗಿ ಬಳಸುವುದು ನ್ಯಾಯ.