ಪಕ್ಕಕ್ಕಿಟ್ಟರೂ ಸರಿ

31 ಡಿಸೆಂಬರ್ 2024, ಮಂಗಳವಾರ

ರಾತ್ರಿಯ ಆರಾಧನೆಗೆ ಹೊರಡುವ ಮುಂಚೆ ಸಭೆಯ ಲೆಕ್ಕ ಮುಗಿಸಲು ಕೂತೆ. ಕ್ರಿಸ್ಮಸ್ ಕಾಣಿಕೆ, ಶಾಮಿಯಾನದವನ ಬಿಲ್ಲು, ಸುಗ್ಗಿ ಹಬ್ಬದ ಹರಾಜಿನ ಬಾಕಿ. ಬಾಳೆಗೊನೆಯನ್ನು ಸಾವಿರದಿನ್ನೂರಕ್ಕೆ ಕೂಗಿದವರು ಇನ್ನೂ ದುಡ್ಡು ಕೊಟ್ಟಿಲ್ಲ. ಹೆಸರು ಇಲ್ಲಿಯೂ ಬರೆಯುವುದಿಲ್ಲ.

ಕಾರ್ಯದರ್ಶಿಯ ಫೋನ್ ಬಂತು. "ಹೊಸ ವರ್ಷದಲ್ಲಿ ಹುಡುಗರಿಗೂ ಜವಾಬ್ದಾರಿ ಕೊಡಬೇಕಲ್ವಾ ಅಣ್ಣ" ಎಂದು ಸುತ್ತಿ ಬಳಸಿ ಹೇಳಿದ. ಯಾವ ಜವಾಬ್ದಾರಿ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

5 ಜನವರಿ 2025, ಭಾನುವಾರ

ಒಡಂಬಡಿಕೆಯ ಆರಾಧನೆ, ದೇವರಿಗೆ ಕೊಟ್ಟ ಮಾತನ್ನು ವರ್ಷಕ್ಕೊಮ್ಮೆ ಹೊಸದು ಮಾಡುವ ದಿನ. ವೆಸ್ಲಿಯನ್ ಮಿಷನ್ನಿನಿಂದ ನಮ್ಮ ಸಭೆಗೆ ಬಂದ ಬಳುವಳಿ. 1947ರಲ್ಲಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆದಮೇಲೂ ಬಿಟ್ಟಿಲ್ಲ. ನನ್ನ ಹೆಂಡತಿ ಮಂಗಳೂರಿನ ಬಾಸೆಲ್ ಮಿಷನ್ ಮನೆತನದವಳು. ಮದುವೆಯಾದ ಹೊಸದರಲ್ಲಿ ಇದನ್ನು ನೋಡಿ, "ಇದೇನ್ರೀ, ಲೈಸೆನ್ಸಿನ ಹಾಗೆ ವರ್ಷವರ್ಷ ರಿನ್ಯೂವಲ್ಲು?" ಎಂದು ನಕ್ಕಿದ್ದಳು.

ಆ ಮಿಷನ್ನಿನ ಹೆಸರಿನಲ್ಲಿರುವ ಬೋಧಕ ಜಾನ್ ವೆಸ್ಲಿ ಇದನ್ನು ಶುರುಮಾಡಿದ್ದು 1755ರ ಆಗಸ್ಟ್ 11ರಂದು, ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿದ್ದ ಫ್ರೆಂಚರ ದೇವಾಲಯದಲ್ಲಿ. ಸುಮಾರು 1,800 ಜನ ಎದ್ದು ನಿಂತು ಒಪ್ಪಿಗೆ ಕೊಟ್ಟರೆಂದು ಅವನೇ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಪ್ರಾರ್ಥನೆಯ ತಿರುಳು ಇಷ್ಟೇ: ಈ ಬದುಕಿನ ಒಡೆತನ ದೇವರದು, ಆತ ಕೆಲಸ ಕೊಟ್ಟರೂ ಸರಿ, ಕೊಡದೆ ಪಕ್ಕಕ್ಕಿಟ್ಟರೂ ಸರಿ. ಕಷ್ಟ ಬರಲಿ, ಬಡತನ ಬರಲಿ ಎನ್ನುವುದನ್ನೆಲ್ಲ ಗಟ್ಟಿ ದನಿಯಲ್ಲಿ ಹೇಳಿಬಿಡಬಹುದು, ಅವು ದೂರದ ಮಾತು. ಪಕ್ಕಕ್ಕಿಡುವುದು ಬುಧವಾರದ ಕಮಿಟಿ ಮೀಟಿಂಗಿನಲ್ಲೇ ಆಗಿಬಿಡಬಹುದು. ಆ ಸಾಲು ಬಂದಾಗ ಕಾರ್ಯದರ್ಶಿ ನನ್ನ ಕಡೆ ನೋಡಿದ. ನಾನು ಸ್ವಲ್ಪ ಜೋರಾಗಿಯೇ ಹೇಳಿದೆ.

8 ಜನವರಿ, ಬುಧವಾರ

ಆಯಿತು. ನಾನಿದ್ದ ಖಜಾಂಚಿ ಜಾಗದಲ್ಲಿ ಇನ್ನು ಮುಂದೆ ಸಾಫ್ಟ್‌ವೇರ್ ಕಂಪನಿಯ ಹುಡುಗ. ಒಳ್ಳೆಯವನೇ, ಅವನ ದೀಕ್ಷಾಸ್ನಾನಕ್ಕೆ ಕೇಕು ತಂದವನು ನಾನು. ಕೈ ಎತ್ತಿಸಿ ನಿರ್ಣಯ ಮಾಡಿದರು. ಕಾಫಿ, ಖಾರಾ ಬೂಂದಿ ಬಂತು. ಹೊರಡುವಾಗ ಕಾರ್ಯದರ್ಶಿ ಹೆಗಲ ಮೇಲೆ ಕೈಯಿಟ್ಟು, "ಎಲ್ಲಾ ದೇವರ ಚಿತ್ತ ಅಣ್ಣ, ಒಪ್ಪಿಸಿಬಿಡಿ" ಎಂದ.

ಕುರ್ಚಿ ಹೋದದ್ದಕ್ಕಿಂತ ಆ ಮಾತಿಗೆ ಮೈ ಉರಿಯಿತು. ಕೈ ಎತ್ತಿದ್ದು ಇವರು, ಹೆಸರು ದೇವರದು.

ಮನೆಯಲ್ಲಿ ಹೇಳಿದರೆ ಇವಳು ತನ್ನ ಕಡೆಯ ಕತೆ ತೆಗೆದಳು. ಬಾಸೆಲ್ ಮಿಷನರಿಗಳು ಮದುವೆಯಾಗಬೇಕಾದರೂ ಸ್ವಿಟ್ಜರ್ಲೆಂಡಿನಲ್ಲಿದ್ದ ಕಮಿಟಿಯ ಒಪ್ಪಿಗೆ ಬೇಕಿತ್ತು. ಎಷ್ಟೋ ಹೆಣ್ಣುಮಕ್ಕಳು ಮುಖ ಪರಿಚಯವೂ ಇಲ್ಲದ ವರನಿಗಾಗಿ ಹಡಗು ಹತ್ತಿದರು. ಕಮಿಟಿಯ ಕಾಗದವನ್ನೇ ದೇವರ ಕರೆ ಎಂದುಕೊಂಡು ಬಂದರು. "ಅವರಲ್ಲಿ ಸುಖವಾಗಿದ್ದವರೂ ಇದ್ದರು. ಆದರೆ ದೇವರು ಅಂದದ್ದೆಷ್ಟು, ಕಮಿಟಿ ಅಂದದ್ದೆಷ್ಟು ಅಂತ ಯಾರು ಬಿಡಿಸಿ ನೋಡಿದರು?" ಎಂದಳು.

ಒಪ್ಪಿಸಿಬಿಡಿ ಎನ್ನುವುದು ಖಜಾಂಚಿಗಿರಿಯ ಮಟ್ಟದಲ್ಲಿ ನಿಲ್ಲುವ ಮಾತಲ್ಲ. ಕುಡಿದು ಹೊಡೆಯುವ ಗಂಡನಿರುವ ಹೆಂಗಸಿಗೂ ಒಪ್ಪಿಸಿಬಿಡಮ್ಮ ಎನ್ನುವವರನ್ನು ಕಂಡಿದ್ದೇನೆ. ಒಪ್ಪಿಸುವುದು ಒಪ್ಪಿಸುವವರ ಬಾಯಿಂದ ಬರಬೇಕು. ಇನ್ನೊಬ್ಬರು ಹೇಳಿ ಮಾಡಿಸಿದರೆ ಅದು ಹುಕುಂ.

14 ಜನವರಿ, ಮಂಗಳವಾರ

ಪಕ್ಕದ ಮನೆಯ ಅಯ್ಯಂಗಾರ್ಯರು ಎಳ್ಳುಬೆಲ್ಲ ತಂದುಕೊಟ್ಟು ಕೂತರು. ನನ್ನ ಪುರಾಣ ಕೇಳಿ, "ನಿಮ್ಮಲ್ಲೂ ಶರಣಾಗತಿಯ ತಕರಾರು ಇದೆ ಅನ್ನಿ" ಎಂದರು. ಅವರಲ್ಲಿ ವಡಗಲೈಯವರದು ಮರ್ಕಟ ನ್ಯಾಯ: ಕೋತಿಮರಿ ತಾನೇ ತಾಯಿಯ ಹೊಟ್ಟೆಗೆ ಅವುಚಿಕೊಳ್ಳಬೇಕು. ತೆಂಗಲೈಯವರದು ಮಾರ್ಜಾಲ ನ್ಯಾಯ: ಬೆಕ್ಕಿನಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ, ಮರಿ ಸುಮ್ಮನಿದ್ದರಾಯಿತು.

ನಮ್ಮಲ್ಲೂ ಇದೇ ಜಗಳ ನಡೆದಿದೆ. 1740ರ ಸುಮಾರಿಗೆ ವೆಸ್ಲಿಗೂ ಅವನ ಗೆಳೆಯ ಜಾರ್ಜ್ ವಿಟ್‌ಫೀಲ್ಡನಿಗೂ ಮಾತು ಕೆಟ್ಟದ್ದು ಇದರ ಮೇಲೆಯೇ. ಯಾರು ಉಳಿಯಬೇಕೆಂದು ದೇವರು ಮೊದಲೇ ಆರಿಸಿದ್ದಾನೆ ಎಂದು ಕ್ಯಾಲ್ವಿನ್ ದಾರಿಯ ವಿಟ್‌ಫೀಲ್ಡ್. ಕೃಪೆ ಎಲ್ಲರಿಗೂ ಬರುತ್ತದೆ, ಮನುಷ್ಯ ಅದನ್ನು ಹಿಡಿಯಲೂಬಹುದು ಬಿಡಲೂಬಹುದು ಎಂದು ವೆಸ್ಲಿ. "ಹಾಗಾದರೆ ನೀವು ಕೋತಿ ಪಕ್ಷ" ಎಂದು ಅಯ್ಯಂಗಾರ್ಯರು ತೀರ್ಪು ಕೊಟ್ಟರು. ಹೌದು. ಅವುಚಿಕೊಂಡವರಿಗೇ ಗೊತ್ತು ಕೈ ಸೋಲುವುದು.

19 ಜನವರಿ, ಭಾನುವಾರ

ಆರಾಧನೆ ಮುಗಿದ ಮೇಲೆ ದೇವಾಲಯದ ವೆಸ್ಟ್ರಿ ಕೋಣೆಯಲ್ಲಿ ಲೆಕ್ಕ ಒಪ್ಪಿಸಿದೆ. ಕ್ಯಾಶ್ ಪುಸ್ತಕ, ಲೆಡ್ಜರು, ವೋಚರ್ ಫೈಲು, ರಸೀದಿ ಪುಸ್ತಕಗಳು, ಅಂಚು ಸವೆದ ರಬ್ಬರ್ ಸ್ಟಾಂಪು, ಕಾಣಿಕೆ ಪೆಟ್ಟಿಗೆಯ ಎರಡು ಬೀಗದ ಕೈ. ಹುಡುಗ ಎಲ್ಲವನ್ನೂ ಫೋನಿನಲ್ಲಿ ಫೋಟೋ ಹೊಡೆದುಕೊಂಡ. ಚಿಲ್ಲರೆಯನ್ನು ಕಾಗದದಲ್ಲಿ ಸುತ್ತಿ ಮೇಲೆ ಮೊತ್ತ ಬರೆಯುವುದನ್ನು ತೋರಿಸಿಕೊಟ್ಟೆ. "ಇನ್ನು ಕ್ಯೂಆರ್ ಕೋಡ್ ಹಾಕೋಣ ಅಂಕಲ್" ಎಂದ. ಹಾಕು ಎಂದೆ.

ಅವನಿಗೆ ಜಾರ್ಜ್ ಮುಲ್ಲರನ ಕತೆ ಹೇಳಿದೆ. 1805ರಲ್ಲಿ ಪ್ರಷ್ಯಾದಲ್ಲಿ ಹುಟ್ಟಿದವನು. ಅಪ್ಪ ಸರ್ಕಾರದ ತೆರಿಗೆ ವಸೂಲಿಯವನು, ಹುಡುಗ ಆ ದುಡ್ಡಿಗೇ ಕೈ ಹಾಕುತ್ತಿದ್ದ. ಆಮೇಲೆ ಮನಸ್ಸು ತಿರುಗಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥಾಲಯ ತೆರೆದು, 1898ರಲ್ಲಿ ಸಾಯುವ ಹೊತ್ತಿಗೆ ಸುಮಾರು 10,000 ಮಕ್ಕಳನ್ನು ಸಾಕಿದ್ದ. ಯಾರ ಮುಂದೆಯೂ ಕೈ ಚಾಚುವುದಿಲ್ಲ, ಬೇಕಾದ್ದನ್ನು ದೇವರನ್ನೇ ಕೇಳುತ್ತೇನೆ ಎಂಬುದು ಅವನ ನಿಯಮ. ಸಾಲವನ್ನೂ ಮಾಡುತ್ತಿರಲಿಲ್ಲ. ಈ ಕತೆಯನ್ನು ಸಭೆಯಲ್ಲಿ ಸಾಕ್ಷಿಯಾಗಿ ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯವಾದದ್ದು ಆಮೇಲಿನದು: ಬಂದ ಕಾಣಿಕೆಗೆ ರಸೀದಿ, ವರ್ಷ ವರ್ಷ ಅಚ್ಚು ಹಾಕಿಸಿದ ಲೆಕ್ಕದ ವರದಿ. ದೇವರಿಗೆ ಬಿಟ್ಟಿದ್ದೇನೆ ಎನ್ನುವವನ ವೋಚರುಗಳು ಮೊದಲು ಸರಿಯಾಗಿರಬೇಕು. ಹುಡುಗ ತಲೆಯಾಡಿಸಿದ, ಹೊಟ್ಟೆ ಹಸಿದಿತ್ತೋ ಏನೋ.

26 ಜನವರಿ, ಭಾನುವಾರ

ಕಾಣಿಕೆಯ ಹೊತ್ತಿಗೆ ಕಾಲು ತಾನಾಗಿ ವೆಸ್ಟ್ರಿ ಕಡೆ ತಿರುಗುತ್ತದೆ. ಇವತ್ತು ಇವಳು ತೋಳು ಹಿಡಿದು ಕೂರಿಸಿದಳು.

ಮಧ್ಯಾಹ್ನ ಗೆತ್ಸೆಮನೆ ತೋಟದ ಅಧ್ಯಾಯ ಓದಿದೆ. ಯೇಸು ಮೊದಲೇ ತಲೆಬಾಗಲಿಲ್ಲ. ಈ ಪಾತ್ರೆ ತಪ್ಪಲಿ ಎಂದು ಬೇಡಿಕೊಂಡ. ಮತ್ತಾಯನ ಪ್ರಕಾರ ಮೂರು ಸಲ ಹೋಗಿ ಪ್ರಾರ್ಥಿಸಿದ. ತನಗೆ ಬೇಡವೆಂದು ಬಾಯಿಬಿಟ್ಟು ಹೇಳಿ, ಆಮೇಲೆ ತಂದೆಯ ಇಷ್ಟಕ್ಕೆ ಬಿಟ್ಟ. ನನಗೆ ಬೇಸರವಾಗಿದೆ ಎಂದು ನಾನೂ ಪ್ರಾರ್ಥನೆಯಲ್ಲಿ ನೇರವಾಗಿಯೇ ಹೇಳುತ್ತಿದ್ದೇನೆ. ಕಾರ್ಯದರ್ಶಿಗೆ ಹೇಳುವ ಅಗತ್ಯ ಕಾಣುವುದಿಲ್ಲ.

ವೆಸ್ಲಿಯ ವಿಷಯ ನೆನೆದರೆ ನಗು ಬರುತ್ತದೆ. 1784ರಲ್ಲೇ ನೂರು ಬೋಧಕರ ಹೆಸರು ಬರೆದು, ತನ್ನ ನಂತರದ ಅಧಿಕಾರ ಇವರಿಗೆ ಎಂದು ಪತ್ರ ಮಾಡಿಸಿದ. ನಂತರ ಎಂದರೆ ಸತ್ತ ನಂತರ. ಯಾವ ಬೋಧಕ ಯಾವ ಊರಿಗೆ ಎನ್ನುವುದನ್ನು 1791ರಲ್ಲಿ, 87ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಕೈಯಲ್ಲೇ ಇಟ್ಟುಕೊಂಡಿದ್ದ. ಪಕ್ಕಕ್ಕಿಟ್ಟರೂ ಸರಿ ಎಂದು ಜನರ ಬಾಯಲ್ಲಿ ಹೇಳಿಸಿದವನನ್ನು ಪಕ್ಕಕ್ಕಿಡುವ ಕಮಿಟಿ ಇರಲಿಲ್ಲ. ಈ ಒಂದು ವಿಷಯದಲ್ಲಿ ನನ್ನ ಅದೃಷ್ಟ ಅವನಿಗಿಂತ ಮೇಲು.

ಸಂಜೆ ಹುಡುಗನ ಫೋನ್. ಮುಂದಿನ ಭಾನುವಾರ ಕಾಣಿಕೆ ಎಣಿಸಲು ಇನ್ನೊಬ್ಬರು ಬೇಕಂತೆ. ಬರುತ್ತೇನೆ ಎಂದಿದ್ದೇನೆ. ಎಣಿಸುವುದಷ್ಟೇ ನನ್ನ ಕೆಲಸ, ಸಹಿ ಅವನದು.