ಮೇಲಿನ ಗದ್ದೆಯ ಚಳಿ

ಮಿಷಿಗನ್ ಸರೋವರ ಕುದಿಯುತ್ತಿತ್ತು. ನನಗೆ ಹಾಗೇ ಕಂಡಿತು. 2019ರ ಜನವರಿ 30, ಬೆಳಿಗ್ಗೆ ಎಂಟು ಗಂಟೆ. ಷಿಕಾಗೋಗೆ ಅಂಟಿಕೊಂಡಂತೆ ಉತ್ತರಕ್ಕಿರುವ ಎವನ್‌ಸ್ಟನ್‌ನ ದಂಡೆಯಲ್ಲಿ ತಂಗಿಯ ಕೈ ಹಿಡಿದು ನಿಂತಿದ್ದೆ. ಕಣ್ಣು ಹಾಯುವಷ್ಟು ದೂರ ನೀರಿನ ಮೇಲಿಂದ ಹಬೆ ಏಳುತ್ತಿತ್ತು, ನೂರು ಮದುವೆಮನೆಗಳ ಹಂಡೆಗಳನ್ನು ಸಾಲಾಗಿ ಒಲೆಗೆ ಏರಿಸಿದ ಹಾಗೆ. ಹಬೆಯ ಕಂಬಗಳು ತಿರುಚಿಕೊಂಡು ಮೇಲೇರಿ, ಬಿಸಿಲು ತಾಗಿದಲ್ಲಿ ಕಿತ್ತಳೆಯಾಗಿ, ಮತ್ತೂ ಮೇಲೆ ಇಲ್ಲವಾಗುತ್ತಿದ್ದವು.

ಗಾಳಿ ಮೈನಸ್ 30 ಡಿಗ್ರಿ. ನೀರು ಸೊನ್ನೆಯ ಆಸುಪಾಸು. ನಮ್ಮೂರಿನ ಬೇಸಿಗೆ ಮಧ್ಯಾಹ್ನ 30 ಡಿಗ್ರಿ ಇರುವಾಗ ಬಚ್ಚಲ ಹಂಡೆಯಲ್ಲಿ 60 ಡಿಗ್ರಿಯ ನೀರು ಕಾದಿದ್ದರೆ ಹೇಗೋ, ಆ ಗಾಳಿಗೆ ಆ ಹಿಮನೀರು ಹಾಗೆ. ಹೆಪ್ಪುಗಟ್ಟಲಿರುವ ನೀರು ಹಬೆಯಾಡುವಷ್ಟು ಬಿಸಿಯೆನಿಸುವ ಲೋಕವೊಂದಿದೆ ಎಂದು ಐವತ್ತು ವರ್ಷ ಬದುಕಿದ ಮೇಲೆ ಗೊತ್ತಾಯಿತು.

ಐದೇ ನಿಮಿಷ ಎಂದು ತಂಗಿ ಕರಾರು ಹಾಕಿಯೇ ಕರೆತಂದಿದ್ದಳು. ಮೊದಲ ಉಸಿರಿಗೇ ಮೂಗಿನೊಳಗಿನ ಕೂದಲು ಮುಳ್ಳಾದವು. ಎರಡನೆಯ ನಿಮಿಷಕ್ಕೆ ರೆಪ್ಪೆಗಳು ಒಂದಕ್ಕೊಂದು ಅಂಟತೊಡಗಿದವು. ಗಾಳಿಯ ಬೀಸನ್ನೂ ಸೇರಿಸಿದರೆ ಮೈಗೆ ತಾಗುತ್ತಿದ್ದ ಚಳಿ ಆ ದಿನ ಮೈನಸ್ 45ನ್ನೂ ದಾಟಿತ್ತು. ಅದನ್ನು ಚಳಿ ಎನ್ನಲು ನಾಲಿಗೆ ಏಳುವುದಿಲ್ಲ. ಮಲೆನಾಡಿನ ಸಾಗರದ ಕಡೆಯ ನಮ್ಮ ಮಾಗಿಯ ಚಳಿ ಕಂಬಳಿ ಹೊದ್ದರೆ ಹೋಗುವಂಥದು. ಒಲೆಯ ಮುಂದೆ ಕೂತವರ ಜೊತೆ ತಾನೂ ಕೂರುವಂಥದು. ಇದು ಸುಡುತ್ತಿತ್ತು. ಕೈಗವಸಿನ ಹೊಲಿಗೆ ಬಿಟ್ಟಿದ್ದ ಒಂದು ಕಡೆ ಮಾತ್ರ ಕೆಂಡ ಮುಟ್ಟಿದಂತಾಗಿ ಕೈ ಹಿಂದಕ್ಕೆ ಎಳೆದುಕೊಂಡೆ.

ಹಿಂದಿನ ಸಂಜೆ ಪೇಟೆಯಿಂದ ಮರಳುವಾಗ ರೈಲು ಹಳಿಗಳು ಉರಿಯುವುದನ್ನೂ ಕಂಡಿದ್ದೆ. ಅವಘಡವಲ್ಲ. ಹಳಿಗಳು ಕವಲೊಡೆಯುವಲ್ಲಿ ಹಿಮ ಕಚ್ಚಿಕೊಳ್ಳದಂತೆ, ಚಳಿಗೆ ಕುಗ್ಗಿದ ಉಕ್ಕು ಕೀಲು ಬಿಟ್ಟುಕೊಳ್ಳದಂತೆ, ಪಕ್ಕದಲ್ಲಿ ಗ್ಯಾಸಿನ ಬೆಂಕಿ ಸಾಲಾಗಿ ಹಚ್ಚಿಡುತ್ತಾರೆ. ಹಿಮದ ನಡುವೆ ಎರಡು ಸಾಲು ಜ್ವಾಲೆ, ಅದರೊಳಗಿಂದ ಹಾದುಹೋಗುವ ರೈಲು! ರಾತ್ರಿ ಮಲಗಿದಾಗ ನೆಲದೊಳಗಿಂದ ಢಂ ಎಂದು ಸದ್ದಾಯಿತು. ಯಾರೋ ಗರ್ನಾಲು ಹೊಡೆದರು ಅಂದುಕೊಂಡೆ. ಮಣ್ಣೊಳಗಿನ ನೀರು ಹಠಾತ್ತನೆ ಹೆಪ್ಪುಗಟ್ಟಿ, ಹಿಗ್ಗಿ, ನೆಲ ಬಿರಿಯುವ ಸದ್ದು ಅದು ಎಂದ ತಂಗಿಯ ಮಗ. ಅಲ್ಲಿನವರು ಅದಕ್ಕೆ ಹಿಮಕಂಪ ಎನ್ನುತ್ತಾರಂತೆ. ಆ ರಾತ್ರಿ ಮೂರು ಸಲ ಕೇಳಿದೆ.

ಶಾಲೆಗಳಿಗೆ ರಜೆ. ಅಂಚೆಯಣ್ಣ ಬರಲಿಲ್ಲ, ಹಲವು ರಾಜ್ಯಗಳಲ್ಲಿ ಟಪಾಲು ಬಟವಾಡೆಯೇ ನಿಂತಿತ್ತು. ನಗರದ ಬಸ್ಸುಗಳು ಅಲ್ಲಲ್ಲಿ ಹೀಟರ್ ಹಾಕಿಕೊಂಡು ನಿಂತಿದ್ದವು, ಮನೆಯಿಲ್ಲದವರು ಹತ್ತಿ ಕೂತು ಮೈ ಕಾಯಿಸಿಕೊಳ್ಳಲಿ ಎಂದು. ಡೇರೆಗಳಲ್ಲಿದ್ದವರಿಗಾಗಿ ಮಹಿಳೆಯೊಬ್ಬರು ತಮ್ಮ ಸ್ವಂತ ಕ್ರೆಡಿಟ್ ಕಾರ್ಡಿನಲ್ಲಿ ಹೋಟೆಲಿನ 30 ಕೋಣೆ ಹಿಡಿದರೆಂಬ ಸುದ್ದಿ ಕೇಳಿ ತಂಗಿ ಕಣ್ಣೊರೆಸಿಕೊಂಡಳು. ಹಾಗಿದ್ದೂ ಆ ವಾರ ಅಮೆರಿಕದಲ್ಲಿ 20ಕ್ಕೂ ಹೆಚ್ಚು ಜನ ಚಳಿಗೆ ಬಲಿಯಾದರು.

ಊರಿಂದ ಅಣ್ಣನ ಫೋನು ಬಂತು. "ಅಲ್ವೋ, ಭೂಮಿ ಬಿಸಿ ಆಗ್ತಾ ಇದೆ ಅಂತ ನೀವೆಲ್ಲ ಬರೀತೀರಿ. ಟೀವಿಯಲ್ಲಿ ನೋಡಿದ್ರೆ ನೀನಿರೋ ಊರು ಕಲ್ಲಾಗಿ ಕೂತಿದೆ. ಯಾವುದು ನಿಜ?" ಆ ವಾರ ಜಗತ್ತಿನಲ್ಲಿ ಎಷ್ಟು ಜನ ಇದೇ ಪ್ರಶ್ನೆ ಕೇಳಿದರೋ. ಕೆಲವರು ಉತ್ತರ ತಿಳಿಯಲು ಕೇಳಿದರು, ಕೆಲವರು ಬಾಯಿ ಮುಚ್ಚಿಸಲು. ಅಣ್ಣ ಮೊದಲನೆಯ ಗುಂಪಿನವನು.

ತಂಗಿಯ ಮಗ ಕಂಪ್ಯೂಟರಿನಲ್ಲಿ ನಕ್ಷೆ ತೆಗೆದು ತೋರಿಸಿದ್ದನ್ನೆಲ್ಲ ನಾನು ಗದ್ದೆಯ ಭಾಷೆಗೆ ತಂದು ಅಣ್ಣನಿಗೆ ಹೇಳಿದೆ. ಉತ್ತರ ಧ್ರುವ ಅಂದರೆ ಗುಡ್ಡದ ನೆತ್ತಿಯ ಗದ್ದೆ ಅಂತ ತಿಳಿ. ಚಳಿಗಾಲದಲ್ಲಿ ಅಲ್ಲಿ ಸೂರ್ಯ ಹುಟ್ಟುವುದಿಲ್ಲ. ಚಳಿ ನೀರಿನ ಹಾಗೆ ತುಂಬಿ ನಿಲ್ಲುತ್ತದೆ. ಸುತ್ತ ಒಂದು ಅಂಚು ಇದೆ. ಅದು ಮಣ್ಣಿನದಲ್ಲ, ಗಾಳಿಯದು. ನೆಲದಿಂದ ಹದಿನೈದು ಕಿಲೋಮೀಟರಿಗೂ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಧ್ರುವವನ್ನು ಸುತ್ತುವ ಬಿರುಗಾಳಿಯ ಬಳೆ. ಇದಕ್ಕೇ ಪೋಲಾರ್ ವೊರ್ಟೆಕ್ಸ್, ಧ್ರುವದ ಸುಳಿ ಎನ್ನುವುದು. ಅದರ ಕೆಳಗೆ, ಹತ್ತು ಕಿಲೋಮೀಟರಿನ ಸುಮಾರಿಗೆ, ಜೆಟ್ ಸ್ಟ್ರೀಮ್ ಎಂಬ ಇನ್ನೊಂದು ಗಾಳಿಹೊಳೆ. ಎರಡೂ ಗಟ್ಟಿಯಾಗಿದ್ದರೆ ಚಳಿ ಅಲ್ಲೇ ನಿಲ್ಲುತ್ತದೆ.

ಆದರೆ ಗದ್ದೆಯ ಅಂಚಿಗೆ ಏಡಿ ಇದ್ದೇ ಇದೆಯಲ್ಲ. ಪರ್ವತಗಳನ್ನು ದಾಟುವಾಗ, ಕಡಲಿಂದ ನೆಲಕ್ಕೆ ಹಾಯುವಾಗ ಗಾಳಿಯಲ್ಲಿ ಭಾರೀ ಅಲೆಗಳೇಳುತ್ತವೆ. ಅವು ಮೇಲೇರಿ ಆ ಬಳೆಗೆ ಬಡಿದು, ಬಡಿದು, ಸಡಿಲಿಸುತ್ತವೆ. ಕೆಲವು ವರ್ಷ ಬಳೆ ಕುಸಿದೇಬಿಡುತ್ತದೆ. ಮೇಲಿನ ಗಾಳಿ ಕೆಳಗಿಳಿದು ಒತ್ತಿಕೊಂಡು, ಕೆಲವೇ ದಿನಗಳಲ್ಲಿ ಅಲ್ಲಿನ ಉಷ್ಣಾಂಶ 30, 40, ಒಮ್ಮೊಮ್ಮೆ 50 ಡಿಗ್ರಿ ಏರುತ್ತದೆ. 1952ರಲ್ಲಿ ಬರ್ಲಿನ್ನಿನಲ್ಲಿ ರಿಚರ್ಡ್ ಶೆರ್ಹಾಗ್ ಎಂಬ ಹವಾಮಾನ ವಿಜ್ಞಾನಿ ಬಲೂನಿಗೆ ಉಪಕರಣ ಕಟ್ಟಿ ಹಾರಿಸಿದಾಗ ಇದನ್ನು ಮೊದಲು ಕಂಡದ್ದು. ನೆಲದ ಮೇಲೆ ನಡುಚಳಿಗಾಲ, ನೆತ್ತಿಯ ಮೇಲೆ ಹಠಾತ್ ಬಿಸಿ! ಆ ಅಂಕಿಗಳು ಬಂದ ರಾತ್ರಿ ಆತನಿಗೆ ಹೇಗನ್ನಿಸಿರಬಹುದು ಎಂದು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

2019ರ ಜನವರಿಯ ಮೊದಲ ದಿನಗಳಲ್ಲಿ ಆದದ್ದೂ ಅದೇ. ಸುಳಿ ಒಡೆದು ಹೋಳಾಯಿತು. ವಾರಗಳು ಕಳೆದ ಮೇಲೆ ಒಂದು ಹೋಳು ಕೆನಡಾ ಹಾದು ಈ ಸರೋವರಗಳ ನಾಡಿನ ಮೇಲೆ ಬಂದು ಕೂತಿತು.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, "ಹಂಗಾದ್ರೆ ಮೇಲಿನ ಗದ್ದೆ ಖಾಲಿ ಆಗಿರಬೇಕಲ್ಲ?"

ಇಷ್ಟು ನೇರವಾದ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ಹೌದು, ಆಗಿತ್ತು. ನಾವು ಇಲ್ಲಿ ನಡುಗುತ್ತಿದ್ದಾಗ ಅಲಾಸ್ಕಾದ ಪಕ್ಕದ ಬೇರಿಂಗ್ ಸಮುದ್ರದಲ್ಲಿ ಹಿಮದ ಹಾಸು ಬೆಳೆಯುವ ಬದಲು ಕುಗ್ಗತೊಡಗಿತ್ತು. ಜನವರಿಯ ಕೊನೆಯಿಂದ ಮಾರ್ಚ್ ಮೊದಲ ವಾರದೊಳಗೆ ಅದರ ಬಹುಪಾಲು ಇಲ್ಲವಾಯಿತು, ಅದೂ ಅದು ದಪ್ಪಗಾಗಬೇಕಾದ ಕಾಲದಲ್ಲಿ. ಭೂಗೋಳದ ಆಚೆ ಬದಿಯಲ್ಲಿ ಆಸ್ಟ್ರೇಲಿಯಾ ತನ್ನ ದಾಖಲೆಯ ಅತಿ ಬಿಸಿ ತಿಂಗಳನ್ನು ಅನುಭವಿಸುತ್ತಿತ್ತು. ಜನವರಿ 24ರಂದು ಅಡಿಲೇಡ್‌ನಲ್ಲಿ 46.6 ಡಿಗ್ರಿ. ಅಂಚು ಒಡೆದು ಕೆಳಗಿನ ಗದ್ದೆ ತುಂಬಿತೆಂದು ಮಳೆ ಜಾಸ್ತಿಯಾಯಿತು ಎನ್ನುವ ರೈತ ಇದ್ದಾನೆಯೇ? ಷಿಕಾಗೋದ ಚಳಿ ಹೊಸದಾಗಿ ಹುಟ್ಟಿದ್ದಲ್ಲ, ಜಾಗ ಬಿಟ್ಟು ಬಂದದ್ದು.

ಇನ್ನೊಂದು ಲೆಕ್ಕ ನನ್ನನ್ನು ಬೆರಗಾಗಿಸಿತು. ಆ ಭಯಂಕರ ಬೆಳಗಿನಲ್ಲೂ ಷಿಕಾಗೋದ ಹಳೆಯ ದಾಖಲೆ ಮುರಿಯಲಿಲ್ಲ. 1985ರ ಜನವರಿ 20ರಂದು ಅಲ್ಲಿ ಮೈನಸ್ 33ರ ಹತ್ತಿರಕ್ಕೆ ಇಳಿದಿತ್ತು. 2019ರ ಆ ಬೆಳಗಿನ ಮರುದಿನ ಇಲಿನಾಯ್ ರಾಜ್ಯದ ಮೌಂಟ್ ಕ್ಯಾರೊಲ್ ಎಂಬ ಊರು ಮೈನಸ್ 39ರ ಸಮೀಪಕ್ಕಿಳಿದು ರಾಜ್ಯದ ದಾಖಲೆ ಬರೆಯಿತು, ಅದೂ ನಿಜ. ಆದರೆ ಜಗತ್ತಿನ ಲೆಕ್ಕ ಹಿಡಿದರೆ ಕಡು ಚಳಿಯ ದಿನಗಳು ಕಡಿಮೆಯಾಗುತ್ತಿವೆ, ಬಂದಾಗಲೂ ಮೊದಲಿನಷ್ಟು ತೀವ್ರವಾಗಿಲ್ಲ. ಇದರಲ್ಲಿ ವಿಜ್ಞಾನಿಗಳಿಗೆ ಅನುಮಾನವಿಲ್ಲ. ಹಳಬರಿಗೆ ಮಾಮೂಲಾಗಿದ್ದ ಚಳಿ ಈಗಿನವರಿಗೆ ಅಪರೂಪವಾದ್ದರಿಂದಲೇ ಅಷ್ಟು ಬೆಚ್ಚಿಬೀಳಿಸುತ್ತದೆ.

ಅನುಮಾನ ಇರುವುದು ಬೇರೆಡೆ: ಅಂಚು ಈಗೀಗ ಹೆಚ್ಚು ಒಡೆಯುತ್ತಿದೆಯೇ? 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಹಿಮ ಕರಗಿ, ಬಿಸಿಲನ್ನು ಕುಡಿಯುವ ಕಪ್ಪು ನೀರು ತೆರೆದುಕೊಳ್ಳುವುದು ಇದಕ್ಕೊಂದು ದೊಡ್ಡ ಕಾರಣ. ಜೆಟ್ ಸ್ಟ್ರೀಮಿಗೆ ಬಲ ಬರುವುದು ಉತ್ತರದ ಚಳಿಗೂ ದಕ್ಷಿಣದ ಬಿಸಿಗೂ ಇರುವ ಅಂತರದಿಂದ. ಅಂತರ ಕಡಿಮೆಯಾದರೆ ಹೊಳೆ ಸೋತು ಅಂಕುಡೊಂಕಾಗಿ ಹರಿಯುತ್ತದೆ, ಆ ಡೊಂಕುಗಳಲ್ಲಿ ಚಳಿ ಕೆಳಗೆ ಜಾರುತ್ತದೆ ಎಂದು ವಿಜ್ಞಾನಿಗಳಾದ ಜೆನಿಫರ್ ಫ್ರಾನ್ಸಿಸ್ ಮತ್ತು ಸ್ಟೀಫನ್ ವಾವ್ರಸ್ 2012ರಲ್ಲಿ ವಾದ ಹೂಡಿದರು. ಜೂಡಾ ಕೋಹೆನ್ ಮತ್ತು ಸಂಗಡಿಗರು 2021ರಲ್ಲಿ ಆರ್ಕ್ಟಿಕ್ ಬದಲಾವಣೆಗೂ ಸುಳಿ ಹಿಗ್ಗಿಹೋಗುವುದಕ್ಕೂ ನಂಟು ತೋರಿಸಿದರು. ಜೇಮ್ಸ್ ಸ್ಕ್ರೀನ್, ರಸೆಲ್ ಬ್ಲ್ಯಾಕ್‌ಪೋರ್ಟ್ ಮೊದಲಾದವರು ಒಪ್ಪುವುದಿಲ್ಲ. ಹೊಳೆ ಡೊಂಕಾದದ್ದಕ್ಕೆ ಗಾಳಿಯ ಸಹಜ ಏರುಪೇರೇ ಸಾಕು ಎನ್ನುತ್ತಾರೆ. ನನಗೆ ಮೊದಲನೆಯ ವಾದ ಆಕರ್ಷಕವಾಗಿ ಕಾಣುತ್ತದೆ, ಆದರೆ ಆಕರ್ಷಕವೆಂದು ಅದನ್ನೇ ಸತ್ಯವೆಂದು ಸಾರಲು ಮನಸ್ಸು ಒಪ್ಪದು. ತೀರ್ಮಾನವಾಗದ್ದನ್ನು ತೀರ್ಮಾನವಾಗಿದೆಯೆಂದು ಹೇಳಿದರೆ ಅಣ್ಣನಂಥವರ ನಂಬಿಕೆ ಕಳೆದುಕೊಳ್ಳುತ್ತೇವೆ.

ಫೆಬ್ರವರಿ 4. ಆ ಬೆಳಗಿನಿಂದ ಐದೇ ದಿನ. ಷಿಕಾಗೋದಲ್ಲಿ 10 ಡಿಗ್ರಿ! ಅಂದರೆ 40 ಡಿಗ್ರಿಯ ಏರಿಕೆ. ಸೂರಿನಂಚಿನ ಹಿಮಗಡ್ಡೆಗಳೆಲ್ಲ ತೊಟ್ಟಿಕ್ಕಿ, ಬೀದಿ ತುಂಬ ನಮ್ಮೂರ ಜೂನ್ ತಿಂಗಳ ಸದ್ದು. ಮಕ್ಕಳು ಬರೀ ಸ್ವೆಟರಿನಲ್ಲಿ ಸೈಕಲ್ ಹೊಡೆಯುತ್ತಿದ್ದರು. ಶಿವರಾತ್ರಿಗೆ ಚಳಿ 'ಶಿವ ಶಿವಾ' ಎಂದು ಓಡಿಹೋಗುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಶಿವರಾತ್ರಿಗೆ ಇನ್ನೂ ತಿಂಗಳಿತ್ತು.

ನಾನು ಹೊರಟದ್ದು ಫೆಬ್ರವರಿ 19ರಂದು, ಮಾಘ ಹುಣ್ಣಿಮೆ. ದೆಹಲಿಗೆ ಹೋಗುವ ವಿಮಾನ ಪೂರ್ವಕ್ಕಲ್ಲ, ಉತ್ತರಕ್ಕೆ ಮೂತಿ ತಿರುಗಿಸಿತು; ದುಂಡು ಭೂಮಿಯ ಮೇಲೆ ಅದೇ ಹತ್ತಿರದ ದಾರಿ. ನಾಲ್ಕೈದು ತಾಸಿನ ನಂತರ ಎದುರಿನ ಪರದೆಯಲ್ಲಿ ಬ್ಯಾಫಿನ್ ಕೊಲ್ಲಿ ಎಂಬ ಹೆಸರು ಬಂತು. ಎಲ್ಲರೂ ಮಲಗಿದ್ದರು. ಕಿಟಕಿಯ ಪರದೆ ಒಂದು ಗೇಣು ಎತ್ತಿ ಹಣೆಯೊತ್ತಿದೆ.

ಕೆಳಗೆ ಮೇಲಿನ ಗದ್ದೆ. ಬೆಳದಿಂಗಳಲ್ಲಿ ಹಿಮದ ಹಾಸು ನೀಲಿಯಾಗಿ, ಅಂಚೇ ಕಾಣದಂತೆ ಹರಡಿತ್ತು. ಅದರ ನಡುವೆ ಕಪ್ಪನೆಯ ಬಿರುಕುಗಳು, ಒಣಗಿದ ಕೆರೆಯಂಗಳದಲ್ಲಿ ಬಿಟ್ಟ ಹಾಗೆ. ಆದರೆ ಇಲ್ಲಿ ಬಿರುಕಿನಲ್ಲಿದ್ದದ್ದು ನೀರು. ಒಂದು ಅಗಲವಾದ ಬಿರುಕಿನಗುಂಟ ಬೆಳ್ಳಗೆ ಏನೋ ಏಳುತ್ತಿತ್ತು. ನನ್ನ ಉಸಿರು ಗಾಜಿಗೆ ಕಟ್ಟಿತೇನೋ ಎಂದು ಅಂಗೈಯಿಂದ ಒರೆಸಿ ಮತ್ತೆ ನೋಡಿದೆ. ಹಬೆ. ಎವನ್‌ಸ್ಟನ್ನಿನ ದಂಡೆಯಲ್ಲಿ ಕಂಡದ್ದೇ.